ಆಹಾರತಜ್ಞೆಯನ್ನು ಕೇಳಿ: ಸಣ್ಣ ತಟ್ಟೆಯಲ್ಲಿ ಉಂಡರೆ ತೂಕ ಇಳಿಯುತ್ತಾ?

ಪ್ರಶ್ನೆ (ಡೊಂಬಿವಲಿಯಿಂದ):
ನಮಸ್ಕಾರ ಮೇಡಂ. ನಮ್ಮ ಯಜಮಾನರಿಗೆ 46 ವರ್ಷ. ಎತ್ತರ 168 ಸೆಂ.ಮೀ., ತೂಕ 84 ಕೆ.ಜಿ., ಹೊಟ್ಟೆಯ ಸುತ್ತಳತೆ 102 ಸೆಂ.ಮೀ. ಶುಗರ್ ಇಲ್ಲ, ಬಿ.ಪಿ. ಸ್ವಲ್ಪ ಜಾಸ್ತಿ. ಆಫೀಸು ಲೋವರ್ ಪರೇಲ್‌ನಲ್ಲಿ. ಮಧ್ಯಾಹ್ನ ಒಂದು ಗಂಟೆಗೆ ಡಬ್ಬದ ಚಪಾತಿ, ಪಲ್ಯ. ಆಮೇಲೆ ರಾತ್ರಿ ಒಂಬತ್ತೂವರೆಗೆ ಮನೆಗೆ ಬಂದೇ ಊಟ. ರಾತ್ರಿ ಕುಚ್ಚಲಕ್ಕಿ ಅನ್ನ ಇಲ್ಲದಿದ್ರೆ ಅವರಿಗೆ ಉಂಡ ಹಾಗೇ ಆಗಲ್ಲ. ಸಣ್ಣ ತಟ್ಟೆಯಲ್ಲಿ ಊಟ ಮಾಡಿದ್ರೆ ಸ್ವಲ್ಪವೇ ತುಂಬಾ ಅಂತ ಕಾಣುತ್ತೆ, ತೂಕ ತಾನಾಗಿ ಇಳಿಯುತ್ತೆ ಅಂತ ಎಲ್ಲ ಕಡೆ ಓದಿದೆ. ಹನ್ನೆರಡು ಇಂಚಿನ ಸ್ಟೀಲ್ ತಟ್ಟೆ ಎತ್ತಿಟ್ಟು ಒಂಬತ್ತು ಇಂಚಿನದು ತಂದೆ. ಸುಮಾರು ದಿನ ಆಯ್ತು, ತೂಕ ಅಲ್ಲೇ ಇದೆ. ಎಲ್ಲಿ ತಪ್ತಾ ಇದೆ?

ಉತ್ತರ:
ಅಕ್ಕ, ನೀವು ಬರೆಯದೇ ಬಿಟ್ಟ ಒಂದು ವಿಷಯದಲ್ಲೇ ಉತ್ತರ ಇರಬಹುದು. ರಾತ್ರಿ ಅನ್ನ ಬಡಿಸುವವರು ಯಾರು, ಎಷ್ಟು ಸಲ? ಪಾತ್ರೆ ಊಟದ ಮೇಜಿನ ಮೇಲೇ ಇದ್ದರೆ ತಟ್ಟೆ ಎಷ್ಟು ಇಂಚು ಅನ್ನುವುದಕ್ಕೆ ಅರ್ಥವೇ ಉಳಿಯುವುದಿಲ್ಲ.

ನೀವು ಓದಿದ್ದರ ಹಿಂದೆ ಇರುವುದು ಕಣ್ಣಿನ ಒಂದು ಭ್ರಮೆ. ಒಂದೇ ಅಳತೆಯ ಬಿಲ್ಲೆಯನ್ನು ದೊಡ್ಡ ವೃತ್ತದೊಳಗೆ ಇಟ್ಟರೆ ಚಿಕ್ಕದಾಗಿಯೂ, ಅದಕ್ಕೆ ಹತ್ತಿರವಾಗಿ ಸುತ್ತುವರಿದ ವೃತ್ತದೊಳಗೆ ಇಟ್ಟರೆ ದೊಡ್ಡದಾಗಿಯೂ ಕಾಣುತ್ತದೆ. ಬೆಲ್ಜಿಯಂನ ಮನೋವಿಜ್ಞಾನಿ ಡೆಲ್‌ಬೂಫ್ ಇದನ್ನು 1865ರಲ್ಲೇ ವಿವರಿಸಿದ್ದರು. ಭ್ರಮೆ ನಿಜ. ಆದರೆ ಕಣ್ಣಿಗೆ ಹಾಗೆ ಕಂಡ ಮಾತ್ರಕ್ಕೆ ಕಡಿಮೆ ಉಣ್ಣುತ್ತೇವಾ ಅನ್ನುವುದು ಬೇರೆಯೇ ಪ್ರಶ್ನೆ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಾರ್ಬರಾ ರೋಲ್ಸ್ ಅವರ ತಂಡ ಇದನ್ನೇ ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿತು. ಬೇರೆ ಬೇರೆ ಅಳತೆಯ ತಟ್ಟೆ ಕೊಟ್ಟು, ಬೇಕಾದಷ್ಟು ಹಾಕಿಕೊಳ್ಳಿ ಅಂದಾಗ ಒಟ್ಟು ತಿಂದ ಕ್ಯಾಲೊರಿಯಲ್ಲಿ ಗಣನೀಯ ವ್ಯತ್ಯಾಸ ಬರಲಿಲ್ಲ. ಬಫೆಯಲ್ಲಿ ಸಣ್ಣ ತಟ್ಟೆ ಸಿಕ್ಕವರು ಹೆಚ್ಚು ಸಲ ಎದ್ದು ಹೋಗಿ ಹಾಕಿಕೊಂಡರು. ನಿಮ್ಮ ಮನೆಯಲ್ಲಿ ಆಗುತ್ತಿರುವುದೂ ಅದೇ ಇರಬಹುದು.

ಅದೇ ತಂಡದ 2002ರ ಇನ್ನೊಂದು ಅಧ್ಯಯನದಲ್ಲಿ ತಟ್ಟೆ ಬದಲಿಸದೆ ಬಡಿಸುವ ಪ್ರಮಾಣವನ್ನೇ 500 ಗ್ರಾಂನಿಂದ 1000 ಗ್ರಾಂವರೆಗೆ ಏರಿಸಿದರು. ಅತಿ ದೊಡ್ಡ ಪಾಲು ಸಿಕ್ಕಾಗ ಜನ ಸುಮಾರು ಶೇ. 30ರಷ್ಟು ಹೆಚ್ಚು ತಿಂದರು, ಬೇಕಾಗಿಯೋ ಬೇಡವಾಗಿಯೋ. ಮುಂದೆ ಎಷ್ಟು ಇಟ್ಟಿದೆ ಅನ್ನುವುದರ ಮೇಲೆ ನಾವು ಉಣ್ಣುವುದು ನಿಂತಿದೆ. ನಿಮ್ಮ ತಟ್ಟೆ ಲೆಕ್ಕದಲ್ಲಿ 113 ಚದರ ಇಂಚಿನಿಂದ 64ಕ್ಕೆ ಇಳಿದಿದೆ, ಹತ್ತಿರಹತ್ತಿರ ಅರ್ಧ. ಆದರೆ ನಾವು ಅನ್ನವನ್ನು ತೆಳ್ಳಗೆ ಹರಡುವುದಿಲ್ಲ, ಗುಡ್ಡೆ ಹಾಕುತ್ತೇವೆ. ಜಾಗ ಕಮ್ಮಿಯಾದರೆ ಗುಡ್ಡೆ ಎತ್ತರವಾಗುತ್ತದೆ, ಅಷ್ಟೆ.

ಎರಡನೆಯ ಕಾರಣ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಒಂದು ಗಂಟೆಯ ಊಟಕ್ಕೂ ಒಂಬತ್ತೂವರೆಯ ಊಟಕ್ಕೂ ನಡುವೆ ಎಂಟೂವರೆ ಗಂಟೆ. ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ, ಕನಿಷ್ಠ ಮೂರು ಗಂಟೆ ಏನೂ ತಿನ್ನದವರಿಗೂ ಆಗಷ್ಟೇ ತಿಂದವರಿಗೂ ಬೇರೆ ಬೇರೆ ಅಳತೆಯ ತಟ್ಟೆಯಲ್ಲಿ ಪಿಜ್ಜಾ ತೋರಿಸಿದರು. ಹಸಿದವರು ಅಷ್ಟು ಸುಲಭವಾಗಿ ಮೋಸ ಹೋಗಲಿಲ್ಲ, ತುಂಡಿನ ಅಳತೆಯನ್ನು ಹೆಚ್ಚು ಸರಿಯಾಗಿ ಅಂದಾಜು ಮಾಡಿದರು. ಫಾಸ್ಟ್ ಲೋಕಲ್ ರೈಲಿನಲ್ಲಿ ನಿಂತು ಬಂದವರ ಕಣ್ಣಿಗೆ ಅನ್ನ ಎಷ್ಟಿದೆಯೋ ಅಷ್ಟೇ ಕಾಣುತ್ತದೆ. ತಟ್ಟೆಯ ಉಪಾಯ ಯಾವ ಹೊತ್ತಿಗೆ ಬೇಕೋ ಆ ಹೊತ್ತಿಗೇ ಕೈಕೊಡುತ್ತದೆ.

ಹಾಗಾಗಿ ನಾನಾದರೆ ಸಂಜೆಯಿಂದ ಶುರು ಮಾಡುತ್ತೇನೆ. ಡಬ್ಬದ ಜೊತೆ ಸಣ್ಣ ಡಬ್ಬಿಯಲ್ಲಿ ಒಂದು ಮುಷ್ಟಿ ಹುರಿದ ಕಡಲೆ, ಒಂದು ಬಾಳೆಹಣ್ಣು ಕಳಿಸಿ. ರೈಲು ಹತ್ತುವ ಮೊದಲು, ಆರೂವರೆ ಹೊತ್ತಿಗೆ ತಿನ್ನಲಿ. ಸ್ಟೇಷನ್ ಹೊರಗಿನ ವಡಾಪಾವ್ ಕೂಡ ಇದರಿಂದಲೇ ತಪ್ಪುತ್ತದೆ.

ರಾತ್ರಿಗೆ ಅನ್ನವನ್ನು ವಾಟಿಯಲ್ಲಿ, ಅಂದರೆ ಸಣ್ಣ ಬಟ್ಟಲಿನಲ್ಲಿ, ಅಳೆಯಿರಿ. ಮೊದಲ ದಿನ ಏನೂ ಬದಲಿಸಬೇಡಿ. ದಿನಾ ಬಡಿಸುವಷ್ಟೇ ಅನ್ನವನ್ನು ವಾಟಿಯಲ್ಲಿ ಅಳೆದು ತಟ್ಟೆಗೆ ಹಾಕಿ, ಎರಡನೇ ಸಲದ್ದೂ ಸೇರಿಸಿ ಎಣಿಸಿ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು 'ಎರಡು ವಾಟಿ ಮೇಡಂ' ಅಂತಲೇ ಹೇಳುವುದು. ಅಳೆದರೆ ಮೂರೂವರೆ, ನಾಲ್ಕು ಬರುತ್ತದೆ. ಬೆಂದ ಅನ್ನ 100 ಗ್ರಾಂಗೆ ಸುಮಾರು 130 ಕ್ಯಾಲೊರಿ. ಕುಚ್ಚಲಕ್ಕಿಯೂ ಅನ್ನವೇ, ಅದಕ್ಕೆ ವಿನಾಯಿತಿ ಇಲ್ಲ. ಎರಡನೇ ದಿನದಿಂದ ಅಳತೆಯಲ್ಲಿ ಒಂದು ವಾಟಿ ಮಾತ್ರ ಇಳಿಸಿ. ಅದರ ಜಾಗಕ್ಕೆ ಇನ್ನೊಂದು ಸೌಟು ಪಲ್ಯ, ಗಟ್ಟಿ ತೊವ್ವೆ ಅಥವಾ ಹೆಸರುಕಾಳು ಗಸಿ ಬರಲಿ. ಪಾತ್ರೆ ಅಡುಗೆಮನೆಯ ಕಟ್ಟೆಯ ಮೇಲೇ ಇರಲಿ. ಊಟಕ್ಕೆ ಕೂತ ಕೂಡಲೇ ಒಂದು ಲೋಟ ತೆಳು ಸಾರೋ ಸೌತೆಕಾಯಿ ಹೋಳೋ ಕೊಡಿ, ಅನ್ನ ಆಮೇಲೆ. ನೀರಿನಂಶ ಹೆಚ್ಚಿರುವುದು ಮೊದಲು ಹೊಟ್ಟೆಗೆ ಹೋದರೆ ಒಟ್ಟು ಊಟ ಕಡಿಮೆಯಾಗುತ್ತದೆ, ಇದಕ್ಕೆ ಒಳ್ಳೆಯ ಆಧಾರವಿದೆ.

ಇಷ್ಟು ಮಾಡಿದ ಮೇಲೆ ನಿಮ್ಮ ಒಂಬತ್ತು ಇಂಚಿನ ತಟ್ಟೆ ಉಪಯೋಗಕ್ಕೆ ಬರುತ್ತದೆ. ಅಳೆದು ಹಾಕಿದ ಊಟ ಅದರಲ್ಲಿ ಬರಿದಾಗಿ ಕಾಣುವುದಿಲ್ಲ, 'ಇಷ್ಟೇನಾ?' ಅನ್ನುವ ಬೇಸರ ಬರುವುದಿಲ್ಲ. ತಟ್ಟೆಯಿಂದ ನಾನು ನಿರೀಕ್ಷಿಸುವುದು ಅಷ್ಟೇ.

ಭಾರತೀಯರಲ್ಲಿ ಬಿ.ಎಂ.ಐ. (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 25 ದಾಟಿದರೆ ಬೊಜ್ಜು ಅಂತ ಲೆಕ್ಕ, ಇವರದು 30ರ ಹತ್ತಿರ. ಗಂಡಸರ ಸೊಂಟ 90 ಸೆಂ.ಮೀ. ಒಳಗಿರಬೇಕು. ಆದರೂ ಮೊದಲ ಗುರಿ ನಾಲ್ಕೇ ಕೆ.ಜಿ. ಇರಲಿ. ತೂಕದ ಶೇ. 5 ಇಳಿದರೂ ಬಿ.ಪಿ.ಗೆ ಅನುಕೂಲ. ತಿಂಗಳಿಗೆ ಒಂದು ಕೆ.ಜಿ. ಇಳಿದರೂ ಸಂತೋಷಪಡಿ.

ಪ್ರಶ್ನೆ (ಅದೇ ಡೊಂಬಿವಲಿಯಿಂದ):
ಮೇಡಂ, ಬಡಿಸುವುದು ನಾನೇ. ದಣಿದು ಬಂದವರಿಗೆ ಇನ್ನೊಂದು ಸೌಟು ಹಾಕಲಾ ಅಂತ ಕೇಳದೆ ಇರೋದು ಹೇಗೆ? ನನ್ನ ಅತ್ತೆಯವರೂ ಪಕ್ಕದಲ್ಲೇ ಕೂತಿರ್ತಾರೆ. ಮತ್ತೆ ಅತ್ತೆಗೂ ಮಗನಿಗೂ ಅದೇ ಸಣ್ಣ ತಟ್ಟೆ ಕೊಡಬಹುದಾ? ಅತ್ತೆಗೆ 74, ಮಗನಿಗೆ 11.

ಉತ್ತರ:
ಕೇಳಿ ಅಕ್ಕ, ಧಾರಾಳವಾಗಿ ಕೇಳಿ. ಆದರೆ ಅನ್ನದ ಸೌಟಿನ ಬದಲು ಪಲ್ಯದ ಸೌಟು ಹಿಡಿದುಕೊಂಡು ಕೇಳಿ. ಉಪಚಾರ ನಿಲ್ಲಬೇಕು ಅಂತ ನಾನು ಯಾರಿಗೂ ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ಬಡಿಸುವುದು ಅಂದರೆ ಪ್ರೀತಿ. ಬೆಂಡೆ, ತೊಂಡೆ, ಬಸಳೆ, ಏನಿದೆಯೋ ಅದನ್ನು ಎರಡನೇ ಸಲ, ಮೂರನೇ ಸಲ ಬಡಿಸಿ. ಅತ್ತೆಯವರಿಗೂ ಆಗ ಬೇಜಾರಾಗುವುದಿಲ್ಲ.

ಒಗ್ಗರಣೆಯ ಎಣ್ಣೆ ಮಾತ್ರ ಟೀ ಚಮಚದಲ್ಲಿ ಅಳೆಯಿರಿ. ಒಂದು ಚಮಚಕ್ಕೆ 40-45 ಕ್ಯಾಲೊರಿ, ಅದು ಯಾವ ತಟ್ಟೆಯಲ್ಲೂ ಕಣ್ಣಿಗೆ ಕಾಣುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2,000 ಕ್ಯಾಲೊರಿಯ ಮಾದರಿ ಊಟದಲ್ಲಿ ಇಡೀ ದಿನಕ್ಕೆ ಇಟ್ಟಿರುವ ಎಣ್ಣೆ-ಕೊಬ್ಬು 27 ಗ್ರಾಂ, ತರಕಾರಿ 400 ಗ್ರಾಂ. ನಮ್ಮ ಮನೆಗಳಲ್ಲಿ ಎಣ್ಣೆ ಅದಕ್ಕಿಂತ ಸಲೀಸಾಗಿ ಮೇಲೆ ಹೋಗುತ್ತದೆ, ತರಕಾರಿ ಅರ್ಧಕ್ಕೆ ನಿಲ್ಲುತ್ತದೆ.

ಅತ್ತೆಗೆ ದಯವಿಟ್ಟು ಬೇಡ. ಆ ವಯಸ್ಸಿನಲ್ಲಿ ಹಸಿವು ತಾನಾಗಿ ಕಡಿಮೆ, ಸ್ನಾಯು ಕರಗುತ್ತಿರುತ್ತದೆ. ಅವರಿಗೆ ಬೇಳೆ, ಮೊಸರು, ಮೊಟ್ಟೆ ಅಥವಾ ಮೀನು ತಿನ್ನುವವರಾದರೆ ಅದೂ, ಇನ್ನೂ ಸ್ವಲ್ಪ ಹೆಚ್ಚೇ ಹೋಗಲಿ. ಮಗ ಬೆಳೆಯುವ ಹುಡುಗ. ಅವನ ಹಸಿವಿಗೆ ತಟ್ಟೆಯಿಂದ ಬೇಲಿ ಹಾಕಬೇಡಿ, ಅವನ ಮುಂದೆ ತೂಕದ ಮಾತೂ ಬೇಡ.

ಪ್ರಶ್ನೆ (ಘಾಟ್ಕೋಪರ್‌ನಿಂದ):
ಗಣಪತಿ ಹಬ್ಬ, ಸಂಘದ ಕಾರ್ಯಕ್ರಮ ಅಂತ ಬಾಳೆ ಎಲೆ ಊಟ ಬರ್ತಾನೇ ಇರುತ್ತೆ. ಎಲೆಗೆ ಅಳತೆ ಎಲ್ಲಿಂದ ತರೋದು?

ಉತ್ತರ:
ಅನ್ನ ಬರುವ ಮೊದಲೇ ಎಲೆಯ ಮೇಲಿನ ಸಾಲಿಗೆ ಕೋಸಂಬರಿ, ಪಲ್ಯ ಬಂದಿರುತ್ತದೆ. ಎಲ್ಲರೂ ಅದನ್ನು ನಂಜಿಕೊಳ್ಳಲು ಉಳಿಸುತ್ತಾರೆ. ನೀವು ಅದನ್ನು ಖಾಲಿ ಮಾಡಿ ಇನ್ನೊಮ್ಮೆ ಹಾಕಿಸಿಕೊಳ್ಳಿ. ಸಾರಿಗೆ, ಸಾಂಬಾರಿಗೆ, ಮಜ್ಜಿಗೆಗೆ ಅಂತ ಮೂರು ಸಲ ಅನ್ನ ಬರುತ್ತದೆ. ಮೊದಲ ಸಲ ಹಾಕಿದ್ದನ್ನೇ ಮೂರು ಪಾಲು ಮಾಡಿಕೊಂಡು, ಆಮೇಲೆ ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿಯಿರಿ. ಪಾಯಸ ಒಂದು ಸಲ ಉಣ್ಣಿ, ಮನಸಾರೆ ಉಣ್ಣಿ.

ಪ್ರಶ್ನೆ (ಐರೋಲಿಯಿಂದ):
ಮೇಡಂ, ಇದನ್ನೆಲ್ಲ ಓದಿ ನಮ್ಮ ಅಪ್ಪನಿಗೂ ನಿನ್ನೆ ರಾತ್ರಿಯಿಂದ ಅನ್ನ ಅರ್ಧ ಮಾಡಿದೆ. ಅವರಿಗೆ ಶುಗರ್, ಗ್ಲಿಮೆಪಿರೈಡ್ ಮಾತ್ರೆ ತಗೊಳ್ತಾರೆ. ಬೆಳಗಿನ ಜಾವ ಬೆವರಿ, ಕೈ ನಡುಗ್ತಾ ಇದೆ ಅಂದ್ರು. ಬಿಸ್ಕತ್ತು ಕೊಟ್ಟ ಮೇಲೆ ಸರಿಯಾಯ್ತು. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಉತ್ತರ:
ಇರುವ ಸಾಧ್ಯತೆ ತುಂಬಾ ಇದೆ. ದಯವಿಟ್ಟು ಇವತ್ತೇ, ಮುಂದಿನ ಮಾತ್ರೆಗೆ ಮೊದಲೇ ಅವರ ಡಾಕ್ಟರಿಗೆ ಫೋನ್ ಮಾಡಿ. ಗ್ಲಿಮೆಪಿರೈಡ್ ಜಾತಿಯ ಮಾತ್ರೆಗಳು ನೀವು ಉಂಡರೂ ಉಣ್ಣದಿದ್ದರೂ ಇನ್ಸುಲಿನ್ ಹೊರಡಿಸುತ್ತವೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ಮಾತ್ರೆ ಅಷ್ಟೇ ಇದ್ದು ಅನ್ನ ದಿಢೀರ್ ಅರ್ಧವಾದರೆ ರಾತ್ರಿ ನಿದ್ದೆಯಲ್ಲಿ ಶುಗರ್ ಕುಸಿಯಬಹುದು. ಡಾಕ್ಟರ್ ಹೇಳುವ ತನಕ ಊಟ ಹಳೆಯ ಅಳತೆಗೇ ಬರಲಿ, ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಮತ್ತೆ ಹಾಗಾದರೆ ಗ್ಲೂಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ. ಬಿಸ್ಕತ್ತಿನಲ್ಲಿ ಕೊಬ್ಬು ಇರುವುದರಿಂದ ಸಕ್ಕರೆ ನಿಧಾನವಾಗಿ ಏರುತ್ತದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ಸರಿಯಿಲ್ಲ ಅನ್ನಿಸಿದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ. ಡಾಕ್ಟರ್ ಹತ್ತಿರ ಹೋಗುವಾಗ ಬೆಳಗಿನ ಜಾವದ ಘಟನೆ ಎಷ್ಟು ಗಂಟೆಗೆ ಆಯ್ತು, ಹಿಂದಿನ ರಾತ್ರಿ ಎಷ್ಟು ವಾಟಿ ಉಂಡಿದ್ದರು, ಮಾತ್ರೆ ಯಾವ ಹೊತ್ತಿಗೆ ತೆಗೆದುಕೊಂಡರು, ಈ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಡಾಕ್ಟರ್ ಏನಂದರು ಅಂತ ಇಲ್ಲಿ ತಿಳಿಸಿ, ಊಟದ ಹೊಸ ಅಳತೆಯನ್ನು ಆಮೇಲೆ ಕೂಡಿ ಕೂತು ಹಾಕೋಣ.