ಏಪ್ರಿಲ್‌ನಲ್ಲಿ ಸ್ಕೀ ಮೇಲೆ ಫಿನ್‌ಸ್ಟರಾರ್‌ಹಾರ್ನ್: ಮೊದಲ ದಿನ ಎಲ್ಲಿಯವರೆಗೆ ಹೋಗಬೇಕು?

ಹಿಮಪಥಿಕ

ನಮಸ್ಕಾರ. ಜ್ಯೂರಿಕ್‌ನಲ್ಲಿರುವ ನಾವು ಮೂವರು ಕನ್ನಡಿಗ ಗೆಳೆಯರು ಬರುವ ಏಪ್ರಿಲ್‌ನಲ್ಲಿ ಬರ್ನೀಸ್ ಆಲ್ಪ್ಸ್‌ನ ಅತಿ ಎತ್ತರದ ಶಿಖರವಾದ ಫಿನ್‌ಸ್ಟರಾರ್‌ಹಾರ್ನ್ (4274 ಮೀ.) ಏರಬೇಕೆಂದಿದ್ದೇವೆ. ಮೂವರಿಗೂ ಸ್ಕೀ ಪ್ರವಾಸಗಳ ಅನುಭವವಿದೆ, ಹಿಮನದಿಯ ಬಿರುಕಿಗೆ ಬಿದ್ದವರನ್ನು ಹಗ್ಗ ಹಾಕಿ ಮೇಲೆತ್ತುವ ತರಬೇತಿಯೂ ಆಗಿದೆ. ಆದರೆ ರಸ್ತೆಯಿಂದ ಇಷ್ಟು ದೂರದ ಹಿಮನದಿಗಳ ನಡುವೆ ಹಲವು ದಿನ ಇದ್ದು ಅಭ್ಯಾಸವಿಲ್ಲ. ಬೆಳಗಿನ ರೈಲಿನಲ್ಲಿ ಯುಂಗ್‌ಫ್ರೌಯೋಖ್ (3454 ಮೀ.) ತಲುಪಿ, ಹಿಮನದಿಗಳು ಕೂಡುವ ಬಯಲಾದ ಕೊಂಕಾರ್ಡಿಯಾಪ್ಲಾಟ್ಸ್‌ವರೆಗೆ ಇಳಿದು, ಗ್ರ್ಯೂನ್‌ಹಾರ್ನ್‌ಲ್ಯೂಕೆ ಕಂಡಿಯನ್ನು ದಾಟಿ ಅಂದೇ ಸಂಜೆಯೊಳಗೆ ಫಿನ್‌ಸ್ಟರಾರ್‌ಹಾರ್ನ್ ಹಟ್ (ಪರ್ವತಾರೋಹಿಗಳ ತಂಗುಮನೆ, 3048 ಮೀ.) ಸೇರುವುದು, ಮರುದಿನ ಶಿಖರ, ಮೂರನೆಯ ದಿನ ವಾಪಸು ಎಂದು ಲೆಕ್ಕ ಹಾಕಿದ್ದೇವೆ. ಮೊದಲ ದಿನವೇ ಅಷ್ಟು ದೂರ ಹೋಗುವುದು ಸರಿಯೇ? ಹೊರಬರಲು ಯಾವ ದಾರಿ ಉತ್ತಮ?

ಬರ್ನ್ ನಿವಾಸಿ

ನಿಮ್ಮ ಯೋಜನೆಯಲ್ಲಿ ನನಗೆ ಅಳುಕು ಹುಟ್ಟಿಸುವುದು ಶಿಖರದ ದಿನವಲ್ಲ, ಮೊದಲ ದಿನದ ಮಧ್ಯಾಹ್ನ. ಸುಮಾರು 400 ಮೀಟರ್ ಎತ್ತರದ ಊರಿನಿಂದ ಕೆಲವೇ ಗಂಟೆಗಳಲ್ಲಿ 3454 ಮೀಟರ್‌ಗೆ ಬಂದಿಳಿದ ದೇಹ ಇನ್ನೂ ಹೊಂದಿಕೊಂಡಿರುವುದಿಲ್ಲ. ಕೊಂಕಾರ್ಡಿಯಾಪ್ಲಾಟ್ಸ್‌ಗೆ ಇಳಿಯುವುದು ಸುಲಭ, ಆದರೆ ಅಲ್ಲಿಂದ 3280 ಮೀಟರ್ ಎತ್ತರದ ಕಂಡಿಗೆ ಐದುನೂರು ಮೀಟರಿಗೂ ಹೆಚ್ಚು ಏರಬೇಕು, ಅದೂ ಪಶ್ಚಿಮಕ್ಕೆ ತೆರೆದ ದಾರಿಯಲ್ಲಿ, ಬಿಸಿಲು ನೇರವಾಗಿ ಬಡಿಯುವ ಹೊತ್ತಿನಲ್ಲಿ. ಬಲಬದಿಯ ಇಳಿಜಾರುಗಳು ಹೆಚ್ಚಾಗಿ ನೆರಳಿನಲ್ಲಿರುತ್ತವೆ. ಎಡಬದಿಯವು ದಕ್ಷಿಣಕ್ಕೆ ಮುಖ ಮಾಡಿರುವುದರಿಂದ ಬೆಳಗಿನಿಂದಲೇ ಕಾಯ್ದು, ಮಧ್ಯಾಹ್ನದ ವೇಳೆಗೆ ಒದ್ದೆ ಹಿಮವನ್ನು ಕೆಳಗೆ ಸುರಿಸಬಲ್ಲವು. ಬೆಳಿಗ್ಗೆ ಭಾರ ಹೊರುತ್ತಿದ್ದ ಬಿರುಕುಗಳ ಮೇಲಿನ ಹಿಮಸೇತುವೆಗಳೂ ಅಷ್ಟು ಹೊತ್ತಿಗೆ ಮೆತ್ತಗಾಗಿರುತ್ತವೆ.

ಆದುದರಿಂದ ಮೊದಲ ರಾತ್ರಿಯನ್ನು ಕೊಂಕಾರ್ಡಿಯಾ ಹಟ್‌ನಲ್ಲಿ (2850 ಮೀ.) ಕಳೆಯಿರಿ. 1877ರಲ್ಲಿ ಅದನ್ನು ಮೊದಲು ಕಟ್ಟಿದಾಗ ಹಿಮನದಿಯ ಮೇಲ್ಮೈ ಅಲ್ಲಿಂದ ಕೇವಲ ಐವತ್ತು ಮೀಟರ್‌ನಷ್ಟು ಕೆಳಗಿತ್ತು. ಮಂಜುಗಡ್ಡೆ ಕುಗ್ಗುತ್ತಾ ಹೋದ ಕಾರಣ ಈಗ ಬಂಡೆಗೆ ಬಿಗಿದ ನಾನೂರಕ್ಕೂ ಹೆಚ್ಚು ಕಬ್ಬಿಣದ ಮೆಟ್ಟಿಲುಗಳನ್ನು, ಸ್ಕೀಗಳನ್ನು ಬೆನ್ನಚೀಲಕ್ಕೆ ಕಟ್ಟಿಕೊಂಡು, ಸ್ಕೀ ಬೂಟಿನಲ್ಲೇ ಹತ್ತಬೇಕಾಗುತ್ತದೆ. ಬೇಸರದ ಕೆಲಸ ನಿಜ. ಆದರೂ ಮರುದಿನ ಬೆಳಕು ಹರಿಯುವ ಮುನ್ನ ಹೊರಟರೆ ಗಟ್ಟಿ ಹಿಮದ ಮೇಲೆಯೇ ಕಂಡಿಯನ್ನು ದಾಟಿ, ಊಟದ ಹೊತ್ತಿಗೆ ಮುಂದಿನ ಹಟ್‌ನಲ್ಲಿದ್ದು, ಶಿಖರದ ದಾರಿಯನ್ನು ಹಗಲಿನಲ್ಲಿ ಕಣ್ಣಾರೆ ನೋಡಿಕೊಳ್ಳಬಹುದು. ಒಂದು ದಿನ ಹೆಚ್ಚಾಗುತ್ತದೆ, ಅದನ್ನು ಉಳಿಸಲು ಹೋಗಬೇಡಿ. ಎರಡೂ ಕಡೆ ಜಾಗ ಮುಂಚಿತವಾಗಿ ಕಾಯ್ದಿರಿಸಿ, ಈಸ್ಟರ್ ಸುತ್ತಮುತ್ತ ಬೇಗ ತುಂಬಿಬಿಡುತ್ತವೆ.

ಕಣಿವೆಗಾರ

ಮೇಲಿನ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಹೊರಬರುವ ದಾರಿಯ ಬಗ್ಗೆ ಸ್ವಲ್ಪ ಬರೆಯುತ್ತೇನೆ, ಏಕೆಂದರೆ ಫಿನ್‌ಸ್ಟರಾರ್‌ಹಾರ್ನ್ ಹಟ್‌ನಿಂದ ಯಾವ ಕಡೆ ಹೊರಟರೂ ಮತ್ತೊಂದು ಹಿಮನದಿಯೋ ಮತ್ತೊಂದು ಕಂಡಿಯೋ ಎದುರಾಗುತ್ತದೆ. ಫೀಷರ್ ಹಿಮನದಿಯ ಗುಂಟ ನೇರ ಕೆಳಗಿಳಿಯುವ ಯೋಚನೆ ಬೇಡ, ಅದರ ಕೆಳಭಾಗ ಬಿರುಕುಗಳಿಂದ ಛಿದ್ರವಾಗಿದೆ. ಪೂರ್ವಕ್ಕೆ ಓಬರಾರ್‌ಯೋಖ್ ದಾಟಿ ಗ್ರಿಮ್ಸೆಲ್ ಕಡೆ ಹೋಗಬಹುದು, ಆದರೆ ಏಪ್ರಿಲ್‌ನಲ್ಲಿ ಆ ಘಟ್ಟದ ರಸ್ತೆ ಮುಚ್ಚಿರುವುದರಿಂದ ನಡಿಗೆ ಬಹಳ ಉದ್ದವಾಗುತ್ತದೆ. ಲೋಚೆನ್‌ಲ್ಯೂಕೆ ಮೂಲಕ ಲೋಚೆಂಟಾಲ್ ಕಣಿವೆಗೆ ಇಳಿಯುವುದು ಹಿಂದಿನಿಂದಲೂ ಪ್ರಿಯವಾದ ದಾರಿ. ಆದರೆ 2025ರ ಮೇ 28ರಂದು ಬಿರ್ಷ್ ಹಿಮನದಿ ಕುಸಿದು ಬ್ಲಾಟೆನ್ ಗ್ರಾಮದ ಬಹುಭಾಗವನ್ನು ಹೂತುಹಾಕಿದ ಮೇಲೆ, ಹಳೆಯ ವಿವರಣೆಗಳನ್ನು ನಂಬಿ ಅತ್ತ ಹೊರಡಬಾರದು. ಸ್ಥಳೀಯ ಆಡಳಿತದಿಂದ ಇತ್ತೀಚಿನ ಮಾಹಿತಿ ಪಡೆದ ಮೇಲೆಯೇ ಆ ದಾರಿಯನ್ನು ಪರಿಗಣಿಸಿ.

ದಕ್ಷಿಣಕ್ಕೆ ಗಾಲ್ಮಿಲ್ಯೂಕೆ ದಾಟಿ ಗೋಮ್ಸ್ ಕಣಿವೆಯ ರೈಲು ಹಿಡಿಯುವುದು ನನಗೆ ಅತ್ಯಂತ ಇಷ್ಟದ ಮುಕ್ತಾಯ. ಆದರೆ ಆ ಇಳಿಜಾರು ದಕ್ಷಿಣಮುಖಿ. ರಾತ್ರಿ ಆಕಾಶ ಶುಭ್ರವಾಗಿದ್ದು ಹಿಮ ಗಟ್ಟಿಯಾಗಿ ಹೆಪ್ಪುಗಟ್ಟಿದ್ದರೆ ಮಾತ್ರ, ಅದೂ ಬೇಗ ಹೊರಟು, ಇಳಿಯಬೇಕು. ರಾತ್ರಿಯೆಲ್ಲ ಮೋಡ ಕವಿದಿದ್ದರೆ ಅಥವಾ ಫಾನ್ ಎಂಬ ಬೆಚ್ಚನೆಯ ಒಣಗಾಳಿ ಬೀಸಿದ್ದರೆ ಹಿಮ ಹೆಪ್ಪುಗಟ್ಟಿರುವುದಿಲ್ಲ. ಹೊರಡುವ ಮೊದಲು ಹಟ್ ಬಾಗಿಲಿನ ಎದುರಿಗೇ ಸ್ಕೀ ಕೋಲನ್ನು ಒತ್ತಿ ನೋಡಿ. ಅದು ಹಿಡಿಯವರೆಗೆ ಸಲೀಸಾಗಿ ಇಳಿದರೆ ಗಾಲ್ಮಿಲ್ಯೂಕೆಯನ್ನು ಕೈಬಿಟ್ಟು ಅಲ್ಲೇ ಒಂದು ದಿನ ಕಾಯುವುದು ಲೇಸು.

ಹಿಮಪಥಿಕ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೊದಲ ರಾತ್ರಿ ಕೊಂಕಾರ್ಡಿಯಾ ಎಂದು ಬದಲಾಯಿಸಿದ್ದೇವೆ, ಒಂದು ಹೆಚ್ಚುವರಿ ದಿನವನ್ನೂ ಇಟ್ಟುಕೊಳ್ಳುತ್ತೇವೆ. ಶಿಖರದ ದಿನ ಸ್ಕೀಗಳನ್ನು ಎಲ್ಲಿ ಬಿಡಬೇಕು, ಹಗ್ಗ ಎಲ್ಲಿಂದ ಕಟ್ಟಿಕೊಳ್ಳಬೇಕು ಎಂಬುದನ್ನು ತಿಳಿಸುವಿರಾ?

ಬರ್ನ್ ನಿವಾಸಿ

ಹಿಮನದಿಯ ಮೇಲೆ ಏರುವಾಗ ಮೊದಲಿನಿಂದಲೂ ಹಗ್ಗ ಇರಲಿ. ಮೂವರೇ ಆದ್ದರಿಂದ ನಡುವೆ ಹತ್ತು ಮೀಟರ್‌ನಷ್ಟು ಅಂತರ ಬಿಟ್ಟು, ಹಗ್ಗ ಸಡಿಲವಾಗದಂತೆ ನಡೆಯಿರಿ. ಬೆಳಗಿನ ಗಟ್ಟಿ ಹಿಮದಲ್ಲಿ ಸ್ಕಿನ್ (ಏರುವಾಗ ಸ್ಕೀ ತಳಕ್ಕೆ ಅಂಟಿಸುವ ಪಟ್ಟಿ) ಜಾರುತ್ತದೆ, ಆದ್ದರಿಂದ ಸ್ಕೀ ಕ್ರ್ಯಾಂಪಾನ್‌ಗಳನ್ನು (ಸ್ಕೀಗೆ ಜೋಡಿಸುವ ಲೋಹದ ಹಲ್ಲುಗಳು) ಚೀಲದ ತಳದಲ್ಲಿ ತುರುಕದೆ ಕೈಗೆ ಸಿಗುವಂತೆ ಇಡಿ. ಸ್ಕೀಗಳನ್ನು ಶಿಖರದ ಕೆಳಗಿನ ತಗ್ಗಾದ ಹೂಗಿಸಾಟೆಲ್‌ನಲ್ಲಿ (4088 ಮೀ.) ಗಾಳಿಗೆ ಹಾರದಂತೆ ನೆಟ್ಟು, ಅಲ್ಲಿಂದ ಮುಂದೆ ಬೂಟಿಗೆ ಕಟ್ಟುವ ಕ್ರ್ಯಾಂಪಾನ್ ಮತ್ತು ಐಸ್ ಆಕ್ಸ್‌ನೊಂದಿಗೆ ವಾಯವ್ಯ ಏಣಿನಲ್ಲಿ ಏರಬೇಕು. ಉಳಿದಿರುವ ಎತ್ತರ ಇನ್ನೂರು ಮೀಟರಿಗಿಂತ ಕಡಿಮೆಯಾದರೂ ಬಂಡೆ, ಹಿಮ ಎರಡೂ ಬೆರೆತಿರುವುದರಿಂದ ವೇಗವಾಗಿ ಸಾಗುವುದಿಲ್ಲ. 1829ರಲ್ಲಿ ತಂಡ ಕಟ್ಟಿಕೊಂಡು ಬಂದ ಭೂವಿಜ್ಞಾನಿ ಹೂಗಿಯೇ ಈ ಸಾಟೆಲ್‌ನಲ್ಲಿ ಉಳಿದುಕೊಂಡರು, ಮೇಲೆ ತಲುಪಿದ್ದು ಅವರ ಜೊತೆಗಿದ್ದ ಲಾಯ್ಟ್‌ಹೋಲ್ಡ್ ಮತ್ತು ವೇರೆನ್. ಗಾಳಿ ಜೋರಾಗಿದ್ದರೆ ಅಥವಾ ಹೊತ್ತು ಮೀರಿದ್ದರೆ ನೀವೂ ಅಲ್ಲಿಂದಲೇ ಹಿಂದಿರುಗಿ. ನೀವು ಇಳಿಯಬೇಕಾದ ಇಳಿಜಾರು ನೈಋತ್ಯಕ್ಕೆ ಮುಖ ಮಾಡಿದೆ, ಬಿಸಿಲೇರಿದ ಮೇಲೆ ಅದು ಬೇಗ ಕೆಡುತ್ತದೆ.

ಪ್ರತಿ ಸಂಜೆ ಐದು ಗಂಟೆಗೆ ಪ್ರಕಟವಾಗುವ ಎಸ್‌ಎಲ್‌ಎಫ್ (ಸ್ವಿಸ್ ಹಿಮ ಮತ್ತು ಹಿಮಕುಸಿತ ಸಂಶೋಧನಾ ಸಂಸ್ಥೆ) ಹಿಮಕುಸಿತ ವರದಿಯನ್ನು ಹಟ್‌ನವರಿಂದ ಕೇಳಿ ತಿಳಿದುಕೊಳ್ಳಿ. ಆ ಪ್ರದೇಶ ವಾಲೆ ಪ್ರಾಂತಕ್ಕೆ ಸೇರಿರುವುದರಿಂದ ತುರ್ತು ರಕ್ಷಣೆಗೆ 144ಕ್ಕೆ ಕರೆ ಮಾಡಬೇಕು. ಮೊಬೈಲನ್ನಷ್ಟೇ ನೆಚ್ಚಿಕೊಳ್ಳದೆ ಉಪಗ್ರಹ ಸಂದೇಶ ಸಾಧನವೊಂದನ್ನೂ ಒಯ್ಯಿರಿ.