ಅಗ್ಗಿಷ್ಟಿಕೆ ಉರಿಯುತ್ತೆ, ಕೋಣೆ ಬೆಚ್ಚಗಾಗಲ್ಲ: ಮೇಸ್ತ್ರಿಯನ್ನು ಕೇಳಿ

ನಂದಿಯವರು: ಮೇಸ್ತ್ರಿಗಳೇ, ತೋಟದ ಮನೆಯಲ್ಲಿ ಅಗ್ಗಿಷ್ಟಿಕೆ ಇದೆ. ಎಷ್ಟು ಸೌದೆ ಒಟ್ಟಿದರೂ ಮುಂದೆ ಕೂತವರಿಗಷ್ಟೇ ಬಿಸಿ. ಬೆನ್ನು ತಣ್ಣಗೇ ಇರುತ್ತೆ.

ಮೇಸ್ತ್ರಿ: ಬಿಸಿಯಲ್ಲಿ ಹೆಚ್ಚಿನ ಪಾಲು ಚಿಮಣಿಯಲ್ಲಿ ಹೋಗ್ತಿದೆ. ಕೋಣೆಯ ಬೆಚ್ಚನೆ ಗಾಳಿಯನ್ನೂ ಎಳೆದುಕೊಂಡು ಹೋಗುತ್ತೆ. ಗೂಡು ಆಳವಾಗಿದ್ದರೆ ಒಳಗೆ ಇನ್ನೊಂದು ವರಸೆ ಬೆಂಕಿ ತಾಳುವ ಇಟ್ಟಿಗೆ ಕಟ್ಟಿಸಿ. ಪಕ್ಕದ ಗೋಡೆಗಳು ಕೋಣೆ ಕಡೆಗೆ ಓರೆಯಾಗಿ ತೆರೆದುಕೊಳ್ಳಲಿ. ಹೊಗೆ ಹೋಗುವ ಕತ್ತು ಕಿರಿದಾಗಬೇಕು. 1790ರ ದಶಕದಲ್ಲಿ ರಮ್‌ಫೋರ್ಡ್ ಅನ್ನೋ ವಿಜ್ಞಾನಿ ಲಂಡನ್ನಿನ ಮನೆಗಳಲ್ಲಿ ಮಾಡಿಸಿದ್ದೂ ಇದನ್ನೇ.

ಚಿಂತಾಮಣಿಯವರು: ನಮ್ಮಲ್ಲಿ ಹೊಗೆ ವಾಪಸ್ ಬರುತ್ತೆ.

ಮೇಸ್ತ್ರಿ: ನಿಮ್ಮ ಸೌದೆ ಇನ್ನೂ ಹಸಿಯಾಗಿರಬಹುದು. ಸೀಳಿ ಆರು ತಿಂಗಳಾದರೂ ಒಣಗಿಸಿ. ಚಿಮಣಿಯ ಮಸಿ ತೆಗೆಸಿ.

ಮಾಲೂರಿನವರು: ನೀಲಗಿರಿ ಸೌದೆ ಆಗುತ್ತಾ?

ಕೋಲಾರದವರು: ಬೇಡ. ಜಾಲಿಯೇ ಸರಿ.

ಮಾಲೂರಿನವರು: ನಮ್ಮೂರ ಇಟ್ಟಿಗೆ ಗೂಡಿಗೆ ನೀಲಗಿರಿಯನ್ನೇ ಹಾಕ್ತಾರೆ. ಗೊತ್ತಿಲ್ಲದೆ ಹೇಳಬೇಡಿ.

ಕೋಲಾರದವರು: ಇಟ್ಟಿಗೆ ಗೂಡೂ ಮನೆಯೂ ಒಂದೇನಾ?

ಗೌರಿಬಿದನೂರಿನವರು: ರಾತ್ರಿ ಬಿಸಿ ಉಳಿಯಲಿ ಅಂತ ಕೆಂಡ ಇರುವಾಗಲೇ ಡ್ಯಾಂಪರ್, ಅಂದರೆ ಚಿಮಣಿಯ ದಾರಿಗಿರುವ ತಗಡು, ಮುಚ್ಚುತ್ತೇವೆ. ಬಾಣಂತಿ ಮಗಳು, ಕೂಸು ಅಲ್ಲೇ ಮಲಗ್ತಾರೆ. ಬೆಳಿಗ್ಗೆ ಎದ್ದರೆ ಎಲ್ಲರಿಗೂ ತಲೆನೋವು. ಇವತ್ತು ಮಗಳಿಗೆ ವಾಂತಿನೂ ಆಯ್ತು.

ಮೇಸ್ತ್ರಿ: ಅಮ್ಮಾ, ಮೊದಲು ಎಲ್ಲರೂ ಹೊರಗೆ ಬನ್ನಿ. ಮಗಳನ್ನೂ ಕೂಸನ್ನೂ ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇತ್ತು ಅಂತ ಡಾಕ್ಟರಿಗೆ ಹೇಳಿ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಡ್ಯಾಂಪರ್ ಮುಚ್ಚಿದರೆ ಅದು ಕೋಣೆಗೇ ಬರುತ್ತೆ. ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು ಬಂದು, ಹೊರಗೆ ಬಂದರೆ ಕಡಿಮೆ ಆಗ್ತಿದ್ದರೆ ಅದೇ ಅಂತ ಅನುಮಾನ ಪಡಬೇಕು. ಇನ್ಮೇಲೆ ಬೂದಿ ಕೆದಕಿ ನೋಡಿ. ಒಂದು ಕೆಂಪು ಚುಕ್ಕೆ ಕಂಡರೂ ಡ್ಯಾಂಪರ್ ಮುಟ್ಟಬೇಡಿ.

ಶಿಡ್ಲಘಟ್ಟದವರು: ಪಕ್ಕದಲ್ಲಿ ಒಂದು ಬೋಗುಣಿ ನೀರಿಟ್ಟರೆ ವಿಷಗಾಳಿ ಎಳೆದುಕೊಳ್ಳುತ್ತೆ ಅಂತ ಫಾರ್ವರ್ಡ್ ಬಂದಿದೆಯಲ್ಲ? ರೇಷ್ಮೆ ಹುಳುಮನೆಯಲ್ಲಿ ನಾವೂ ಇದ್ದಿಲು ಇಡ್ತೀವಿ. ಏನೂ ಆಗಿಲ್ಲ.

ಮೇಸ್ತ್ರಿ: ಎಳೆದುಕೊಳ್ಳಲ್ಲ. ಆ ಫಾರ್ವರ್ಡ್ ಅಳಿಸಿ, ಯಾರಿಗೂ ಕಳಿಸಬೇಡಿ. ಹುಳುಮನೆಯಲ್ಲೂ ಕಿಂಡಿ ತೆಗೆದಿಡಿ, ಅಲ್ಲಿ ಮಲಗಬೇಡಿ.

ಶಿಡ್ಲಘಟ್ಟದವರು: ಸುಮ್ನೆ ಕೇಳಿದ್ದಕ್ಕೆ ಇಷ್ಟು ಸಿಟ್ಟಾ?

ಮೇಸ್ತ್ರಿ: ಪ್ರಾಣದ ವಿಷಯ. ಸಿಟ್ಟು ಬರುತ್ತೆ.

ತುಮಕೂರಿನವರು: ಹೊಸದಾಗಿ ಕಟ್ಟಿಸಲು ಎಷ್ಟಾಗುತ್ತೆ ಸಾರ್?

ಬಾಗೇಪಲ್ಲಿಯವರು: ಹೊಗೆ ಕೋಣೆಗೆ ನುಗ್ಗುತ್ತೆ, ಏನು ಮಾಡೋದು?

ಮೇಸ್ತ್ರಿ: ಮೇಲೆ ಹೇಳಿದ್ದೇನೆ. ಓದಿ.

ಮಾಲೂರಿನವರು: ನೀಲಗಿರಿ ಬಗ್ಗೆ ಯಾರೂ ಹೇಳಲಿಲ್ಲ.

ಕೋಲಾರದವರು: ನಾನು ಹೇಳಿದೆನಲ್ಲ, ಬೇಡ ಅಂತ.

ಮಾಲೂರಿನವರು: ನಿಮ್ಮನ್ನು ಕೇಳಲಿಲ್ಲ ರೀ.

ಮೇಸ್ತ್ರಿ: ಚೆನ್ನಾಗಿ ಒಣಗಿದ್ದರೆ ಎರಡೂ ಆಗುತ್ತೆ. ಸಾಕು ಮಾಡಿ ಇಬ್ಬರೂ. ಗೌರಿಬಿದನೂರಿನ ಅಮ್ಮಾ, ಹೊರಟಿರಾ?

ಗೌರಿಬಿದನೂರಿನವರು: ಆಟೋದಲ್ಲಿದ್ದೀವಿ. ಕಿಟಕಿ ಎಲ್ಲ ತೆಗೆದಿಟ್ಟು ಬಂದ್ವಿ.

ಮೇಸ್ತ್ರಿ: ಒಳ್ಳೇದು. ಡಾಕ್ಟರು ಏನಂದರು ಅಂತ ಇಲ್ಲೇ ಹಾಕಿ.