ಅಡಿಕೆ ಸುಲಿಯೋ ಯಂತ್ರ ಮಾಡಿದ್ದೇವೆ, ಮುಂದೆ ಯಾರ ಬಾಗಿಲು ತಟ್ಟಬೇಕು?

ತೀರ್ಥಹಳ್ಳಿ ಹುಡುಗ:
ಶಿವಮೊಗ್ಗದಲ್ಲಿ ಮೆಕ್ಯಾನಿಕಲ್ ಕೊನೇ ವರ್ಷ. ನಾಲ್ಕು ಜನ ಸೇರಿ ಹಸಿ ಅಡಿಕೆ ಸುಲಿಯುವ ಸಣ್ಣ ಯಂತ್ರ ಮಾಡಿದೆವು. ಮಾರ್ಕ್ಸ್ ಬಂತು, ಫೋಟೋ ತೆಗೆಸಿಕೊಂಡಿದ್ದಾಯಿತು, ಈಗ ಅದು ಲ್ಯಾಬ್ ಹಿಂದೆ ಟಾರ್ಪಾಲ್ ಹೊದ್ದು ಕೂತಿದೆ. ಮಾರಾಟಕ್ಕೆ ತರೋಣ ಅಂತ ಹೊರಟರೆ ಕಾಲೇಜಿನವರು ಮೊದಲು ಯಾವುದಾದರೂ ಕಂಪನಿ ಹಿಡಿದುಕೊಂಡು ಬಾ ಅನ್ನುತ್ತಾರೆ, ಮಾಚೇನಹಳ್ಳಿಯ ಒಬ್ಬ ವರ್ಕ್‌ಶಾಪ್ ಮಾಲೀಕರು ಸಬ್ಸಿಡಿ ಸಿಗುತ್ತಾ ಅಂತ ಕೇಳುತ್ತಾರೆ, ಸಬ್ಸಿಡಿ ಕೇಳಲು ಹೋದರೆ ಕಾಲೇಜಿನ ಪತ್ರ ತಗೊಂಡು ಬಾ. ಈ ಮೂವರನ್ನೂ ಒಂದೇ ಟೇಬಲ್ಲಿಗೆ ಕೂರಿಸೋದು ಹೇಗೆ?

ಅರ್ಜಿ ಗುಜರಾಯಿಸಿದವ:
ಯಂತ್ರವನ್ನು ಕೃಷಿ ಮೇಳದಲ್ಲಿ ತೋರಿಸೋಕೆ ಮುಂಚೆ ಪ್ರಾವಿಷನಲ್ ಪೇಟೆಂಟ್ ಅರ್ಜಿ, ಅಂದರೆ ಈ ಐಡಿಯಾ ನಮ್ಮದು ಅನ್ನೋ ತಾತ್ಕಾಲಿಕ ಅರ್ಜಿ, ಹಾಕಿ. ನಿಮ್ಮ ಹೆಸರಲ್ಲೇ ಆನ್‌ಲೈನ್ ಹಾಕಿದರೆ ಶುಲ್ಕ 1,600 ರೂಪಾಯಿ, ಪೂರ್ತಿ ವಿವರ ಕೊಡೋಕೆ 12 ತಿಂಗಳು ಸಿಗುತ್ತದೆ. ಹಕ್ಕು ನಿಮ್ಮದಾ ಕಾಲೇಜಿನದಾ ಅನ್ನೋದನ್ನ ಈಗಲೇ ಬರಹದಲ್ಲಿ ತಗೊಳ್ಳಿ. ನಾನು ಬಾಯಿಮಾತು ನಂಬಿ ಕೆಟ್ಟವನು. ಕಂಪನಿ ಮಾಡಿಕೊಂಡ ಮೇಲೆ ಸ್ಟಾರ್ಟಪ್‌ಗಳಿಗೆ ರಾಜ್ಯ ಸರ್ಕಾರ ನಡೆಸುವ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೂ ಅನುದಾನ ಇದೆ. 2021ರಲ್ಲಿ ಶುರುವಾದ ಕೇಂದ್ರದ ಸೀಡ್ ಫಂಡ್‌ನಲ್ಲಿ ಮಾದರಿ ಯಂತ್ರಕ್ಕೆ 20 ಲಕ್ಷದವರೆಗೆ ಕೊಡುತ್ತಿದ್ದರು, ಅದು ಇನ್‌ಕ್ಯುಬೇಟರ್ ಮೂಲಕ, ಅಂದರೆ ಹೊಸ ಕಂಪನಿಗಳಿಗೆ ಜಾಗ, ಸಲಹೆ ಕೊಟ್ಟು ಬೆಳೆಸುವ ಕೇಂದ್ರಗಳ ಮೂಲಕ. ಈಗಲೂ ಇದೆಯಾ ವಿಚಾರಿಸಿ.

ಭದ್ರಾವತಿ ಬಾಲಣ್ಣ:
ದುಡ್ಡಿನ ಮಾತು ಆಮೇಲೆ ತಮ್ಮಾ. ಗಂಧದೆಣ್ಣೆ ಕಥೆ ಗೊತ್ತಲ್ವಾ? ಮೊದಲ ಮಹಾಯುದ್ಧ ಶುರುವಾಗಿ ಜರ್ಮನಿಗೆ ಹೋಗುತ್ತಿದ್ದ ಗಂಧದ ಮರ ಇಲ್ಲೇ ರಾಶಿ ಬಿತ್ತು. ಮೈಸೂರು ಸರ್ಕಾರ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ (ಈಗಿನ ಭಾರತೀಯ ವಿಜ್ಞಾನ ಸಂಸ್ಥೆ) ವಿಜ್ಞಾನಿಗಳ ಕೈಲಿ ಎಣ್ಣೆ ತೆಗೆಸಿ ನೋಡಿತು, 1916ರಲ್ಲಿ ಮೈಸೂರಿನಲ್ಲಿ ಕಾರ್ಖಾನೆಯೇ ಎದ್ದಿತು. 1944ರಲ್ಲಿ ನಮ್ಮ ಶಿವಮೊಗ್ಗಕ್ಕೂ ಒಂದು ಬಂತು. ಅಲ್ಲಿ ಮರ ಕೊಳೆಯುತ್ತಿದ್ದದ್ದು ಸರ್ಕಾರದ್ದೇ, ಅದಕ್ಕೆ ಫೈಲ್ ಓಡಿತು. ನಿನ್ನ ಯಂತ್ರ ಬರಲಿಲ್ಲ ಅಂತ ಯಾರಿಗೆ ನಿದ್ದೆ ಕೆಟ್ಟಿದೆ? ಅವರನ್ನ ಮೊದಲು ಹುಡುಕು.

ಸಾಗರದ ಸಣ್ಣ ತೋಟ:
ನಿದ್ದೆ ಕೆಟ್ಟಿರೋದು ನಮಗೆ! ಎರಡು ವರ್ಷದ ಹಿಂದೆ ಒಂದು ಯಂತ್ರ ತಂದೆವು. ಸಣ್ಣ ಅಡಿಕೆ ಸಿಪ್ಪೆ ಸಮೇತ ಉದುರುತ್ತದೆ, ದಪ್ಪದ್ದಕ್ಕೆ ಬ್ಲೇಡ್ ತಾಗಿ ಗಾಯ, ಗಾಯ ಆದ ಅಡಿಕೆಗೆ ಮಂಡಿಯಲ್ಲಿ ರೇಟಿಲ್ಲ. ರಾತ್ರಿ ಹನ್ನೊಂದಕ್ಕೆ ಅಮ್ಮ ಮೆಟ್ಟುಕತ್ತಿ ಹಾಕಿಕೊಂಡು ಅದನ್ನೇ ಮತ್ತೆ ಸುಲಿಯೋದು, ಯಂತ್ರ ಪಕ್ಕದಲ್ಲೇ ಸುಮ್ನೆ ನಿಂತಿರುತ್ತದೆ. ಕೊಯ್ಲಿನ ನಡುವೆ ಬೆಲ್ಟ್ ಹೋದರೆ ರಿಪೇರಿಯವರು ಫೋನ್ ಎತ್ತೋದಿಲ್ಲ. ನಿಮ್ಮದನ್ನ ಒಂದು ಕೊಯ್ಲು ಪೂರ್ತಿ ನಮ್ಮಂಥ ನಾಲ್ಕು ಮನೆಯಲ್ಲಿ ಓಡಿಸಿ. ಎಷ್ಟು ಸುಲಿಯಿತು, ಎಷ್ಟು ಒಡೆಯಿತು ಬರೆದಿಡಿ. ಆ ಲೆಕ್ಕ ಹಿಡಿದು ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದಲ್ಲಿ ಕೇಳಿ ನೋಡಿ, ಬರೀ ಪ್ರಾಜೆಕ್ಟ್ ರಿಪೋರ್ಟ್ ಹಿಡಿದು ಹೋಗಬೇಡಿ.

ತೀರ್ಥಹಳ್ಳಿ ಹುಡುಗ:
ಅಕ್ಕಾ, ನಾವು ಟೆಸ್ಟ್ ಮಾಡಿದ್ದು ಒಂದೇ ಸೈಜಿನ ಎರಡು ಕೆಜಿ ಆರಿಸಿದ ಅಡಿಕೆಯಲ್ಲಿ. ಈಗ ನಾಚಿಕೆ ಆಗುತ್ತಿದೆ. ಕೊಯ್ಲು ಶುರುವಾದಾಗ ಹೇಳಿ, ಯಂತ್ರ ತರುತ್ತೇವೆ. ಬಾಡಿಗೆ ಪಿಕಪ್ ನಿಮ್ಮ ತೋಟದವರೆಗೂ ಬರುತ್ತದಾ?

ಸಾಗರದ ಸಣ್ಣ ತೋಟ:
ಮಳೆ ಬಿಟ್ಟರೆ ಬರುತ್ತದೆ. ಬೆಲ್ಟ್ ಎರಡು ಜಾಸ್ತಿ ತನ್ನಿ.